ಆಹೇರಿ ಬೀಳದ ನಾಟಕ

ಶಹಾಬಾದಿನಲ್ಲಿ ಮಾಸ್ತರಿಕೆ ಮಾಡುತ್ತಿದ್ದ ಕಾಲದಲ್ಲಿ ನಾನು ಗುಲಬರ್ಗಾದ ಪತ್ರಿಕೆಯೊಂದಕ್ಕೆ ನಾಟಕಗಳ ವಿಮರ್ಶೆ ಬರೆಯುತ್ತಿದ್ದೆ. ಅದೆಲ್ಲ ಕೋಣನ ಮುಂದೆ ಕಿನ್ನರಿ ಎಂದು ನನ್ನ ಹೆಂಡತಿ ಛೇಡಿಸುತ್ತಿದ್ದಳು. ನಮ್ಮ ಕಡೆ ಲೆಕ್ಕಕ್ಕಿದ್ದ ವಿಮರ್ಶೆ ಎಂದರೆ ಆಹೇರಿ. ನಾಟಕ ನಡೆದಿರುವಾಗಲೇ ಮೆಚ್ಚಿದವರು ರಂಗದ ಮೇಲೆ ಹತ್ತಿ ಬಂದು ಪಾತ್ರಧಾರಿಗೆ ನೋಟೋ, ಟಾವೆಲ್ಲೋ, ಕುಪ್ಪಸದ ಖಣವೋ ಕೊಡುತ್ತಾರೆ. ಮೈಕಿನಲ್ಲಿ ಅವರ ಹೆಸರು ಕೂಗಿ ಮುಗಿಯುವವರೆಗೆ ಸಿಂಹಾಸನದ ಮೇಲಿನ ರಾಜನೂ ನೆಲದ ಮೇಲೆ ಸಾಯುತ್ತಿರುವವನೂ ಸುಮ್ಮನೆ ಕಾಯಬೇಕು. ಈ ಪದ್ಧತಿ ಕಂಡರೆ ನನಗೆ ಮೈ ಉರಿಯುತ್ತಿತ್ತು.

ವಾಡಿಯಲ್ಲಿ ಕಾರ್ಖಾನೆಯ ಕೆಲಸಗಾರರು ಆಡಿದ ಸಾಮಾಜಿಕ ನಾಟಕವೊಂದಕ್ಕೆ ಹೊರಗಿನಿಂದ ಒಬ್ಬ ಹುಡುಗಿಯನ್ನು ಕರೆಸಿದ್ದರು. ಅಲ್ಲಿಯವರೆಗೆ ತಂಗಿ, ಗೆಳತಿಯಂಥ ಸಣ್ಣ ಪಾತ್ರ ಮಾಡಿದವಳು. ನಾಯಕಿಯಾಗುವುದು ಅದೇ ಮೊದಲು. ಬಣ್ಣದ ಕೋಣೆಯಲ್ಲಿ ನಾನು ಚಹಾ ಕುಡಿಯುತ್ತ ಕೂತಿದ್ದಾಗ ಆಕೆಯ ತಾಯಿ ಎಲ್ಲರೆದುರೇ ಹೇಳಿದಳು: "ಇವತ್ತ ನಾಕ್ ಮಂದಿ ಎದ್ದು ಬಂದು ಆಹೇರಿ ಮಾಡಿದ್ರ ಮುಂದನೂ ನಾಟಕ. ಇಲ್ಲಂದ್ರ ಬರೂ ಬ್ಯಾಸಗ್ಯಾಗ ನನ್ನ ತಮ್ಮಗ ಕೊಟ್ಟು ಲಗ್ನ ಮಾಡಿ ಕೈ ತೊಳ್ಕೊಂತೀನಿ ನೋಡು." ಆ ತಮ್ಮ ಹೆಂಡತಿ ತೀರಿಕೊಂಡವನು, ನಲವತ್ತು ದಾಟಿದವನು ಎಂದು ಪಕ್ಕದವರು ಪಿಸುಗುಟ್ಟಿದರು. ತಾಯಂದಿರು ಹೀಗೆ ಬೆದರಿಸುವುದು ಇದ್ದದ್ದೇ ಎಂದುಕೊಂಡೆ.

ಜ್ವರದಲ್ಲಿ ನಾಯಕಿಯ ಮಗು ತೀರಿಕೊಳ್ಳುವ ದೃಶ್ಯ ಬಂತು. ಬೇರೆ ನಟಿಯರಾದರೆ ಇಂಥ ಕಡೆ ಎದೆ ಬಡಿದುಕೊಂಡು ಹಾಡುತ್ತಾರೆ. ಪೇಟಿ ಮಾಸ್ತರ ಹಾರ್ಮೋನಿಯಂ ಮೇಲೆ ಸ್ವರ ಹಿಡಿದು ಕಾದ. ಈಕೆ ಹಾಡಲೇ ಇಲ್ಲ. ಮಗುವಿನ ಅಂಗಿಯ ಗುಂಡಿ ಹಾಕುತ್ತ, "ಮೈ ತಣ್ಣಗಾಗ್ಯಾದ, ಇನ್ನೊಂದ್ ಅಂಗಿ ತರ್ತೀನಿ ತಡಿ" ಎಂದು ಮೆಲ್ಲಗೆ ಗೊಣಗಿದಳು. ಕಲ್ಲುಗಣಿಯ ಗಟ್ಟಿ ಗಂಡಸರು ಟಾವೆಲ್ಲಿನಿಂದ ಮುಖ ಮುಚ್ಚಿಕೊಂಡರು. ಆಹೇರಿ ಮಾಡಲು ಒಬ್ಬರೂ ಏಳಲಿಲ್ಲ. ಏಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ನಾಟಕ ಮುಗಿದ ಮೇಲೂ ಮಂದಿ ಮಾತಿಲ್ಲದೆ ಮನೆಗೆ ಹೋದರು.

ನಾನು ಆ ಮೌನವನ್ನೇ ಹೊಗಳಿ ಬರೆದೆ. ಆಹೇರಿಯನ್ನೂ ಮರೆಸಿದ ಇಂಥ ನಟಿಯನ್ನು ನಮ್ಮ ಸೀಮೆ ಕಂಡಿಲ್ಲ ಎಂದೆ. ಅಚ್ಚಾದದ್ದನ್ನು ಓದಿಕೊಂಡು ನಾನೇ ಬೀಗಿದೆ.

ಕೆಲವು ವಾರಗಳ ಮೇಲೆ ಅದೇ ನಾಟಕ ಚಿತ್ತಾಪುರದಲ್ಲಿ ನಡೆಯಿತು. ಅದೇ ದೃಶ್ಯದಲ್ಲಿ ಈ ಸಲ ಹುಡುಗಿ ಎದೆ ಬಡಿದುಕೊಂಡಳು, ಹಾಡಿದಳು, ಪಲ್ಲವಿ ಮುಗಿದಾಗಲೆಲ್ಲ ತಡೆದು ಸಭೆಯತ್ತ ನೋಡಿದಳು. ಮಂದಿ ಸಾಲುಗಟ್ಟಿ ಹತ್ತಿ ಬಂದರು. ಆಕೆ ಸತ್ತ ಮಗುವನ್ನು ಬಿಟ್ಟು ಎದ್ದು, ಒಬ್ಬೊಬ್ಬರಿಗೂ ಕೈ ಮುಗಿದು, ಖಣಗಳನ್ನು ಹೆಗಲಿಗೆ ಹಾಕಿಕೊಂಡು ಬಂದು ಮತ್ತೆ ಅಳಲು ಕೂತಳು. ಜನರೂ ಮತ್ತೆ ಅತ್ತರು. ನನಗೆ ಭಾರಿ ಸಿಟ್ಟು ಬಂತು.

ಮುಗಿದ ಮೇಲೆ ಪರದೆಯ ಹಿಂದೆ ಹೋಗಿ ಕೇಳಿಯೇಬಿಟ್ಟೆ: "ಯಾಕವ್ವ ತಂಗಿ, ನಾ ಬರ್ದಿದ್ದು ಓದಲಿಲ್ಲೇನು?"

"ಓದೀನ್ರಿ ಸರ್. ನಮ್ಮವ್ವಗೂ ಓದಿ ಹೇಳ್ದೆ. 'ಈ ಮಾಸ್ತರಗ ಏನ್ ಕೊಟ್ಟು ಬರೆಸೀದಿ' ಅಂತ ಬೈದ್ಲು."

ನನಗೆ ನಗು ಬಂತು. ಆಕೆ ನಗಲಿಲ್ಲ.

"ವಾಡ್ಯಾಗ ಮಾಡಿದ್ದೇ ಖರೇ ನಟನೆ. ಅಂಥಾದು ಮತ್ತೊಮ್ಮೆ ಮಾಡಬೇಕು ನೀನು" ಎಂದೆ.

"ಮಾಡ್ತೀನ್ರಿ ಸರ್," ಎಂದಳು ಖಣಗಳನ್ನು ಮಡಿಚುತ್ತ. "ಮದಲ ನಮ್ಮ ಮಾಮಾಗ ಬ್ಯಾರೆ ಹೆಣ್ಣು ಸಿಗಲಿ."