ಶಾಲಿನೊಳಗಿನ ಕೈ

ಮೊನ್ನೆ ದೇವನಹಳ್ಳಿಯ ಗೃಹಪ್ರವೇಶವೊಂದರಲ್ಲಿ ಕೊಟ್ಟ ತಾಂಬೂಲದ ಚೀಲದಲ್ಲಿ ತೆಂಗಿನಕಾಯಿಯ ಜೊತೆಗೆ ಒಂದು ಪುಸ್ತಕವೂ ಇತ್ತು. ವೀಳ್ಯದೆಲೆಯ ವಾಸನೆಯಲ್ಲಿ ಹೊಸ ಅಚ್ಚಿನ ವಾಸನೆ ಬೆರೆತಿತ್ತು. ಸಾಮಗಾನದ ಪುಸ್ತಕ, ಮರುಮುದ್ರಣ. ತೆರೆದು ನೋಡಿದರೆ ಅದೇ ತಪ್ಪು, ಒಂದಿಷ್ಟೂ ಕದಲದೆ ಕೂತಿದೆ. ನನಗೆ ಮೈಯೆಲ್ಲ ಉರಿದುಹೋಯಿತು.

ತೊಂಬತ್ತರ ದಶಕದಲ್ಲಿ ದೊಡ್ಡಬಳ್ಳಾಪುರದಲ್ಲಿ ನನ್ನದೊಂದು ಡಿಟಿಪಿ ಅಂಗಡಿಯಿತ್ತು. ಲಗ್ನಪತ್ರಿಕೆ, ಕರಪತ್ರಗಳೇ ಹೆಚ್ಚು. ಅಲ್ಲಿಗೆ ಬಂದವರು ನಮ್ಮೂರಿನ ನಿವೃತ್ತ ಸಂಸ್ಕೃತ ಮೇಷ್ಟ್ರು. ಅವರು ಬಾಯಲ್ಲೇ ಉಳಿಸಿಕೊಂಡಿದ್ದ ಸಾಮಗಾನವನ್ನು ನಗರದ ಸಮಿತಿಯೊಂದು ಪುಸ್ತಕ ಮಾಡಲು ಒಪ್ಪಿತ್ತು. ಸಾಮಕ್ಕೆ ಬರೀ ಅಕ್ಷರ ಸಾಲದು, ಅಕ್ಷರದ ತಲೆಯ ಮೇಲೆ ಸ್ವರ ಹೇಳುವ ಅಂಕಿ ಕೂರಬೇಕು. ಆಗಿನ ಕಂಪ್ಯೂಟರಿಗೆ ಅದು ಬಾರದ ವಿದ್ಯೆ. ಅಂಕಿಗಳಿಗೇ ಒಂದು ಸಾಲು ಮಾಡಿ, ಜಾಗ ಬಿಟ್ಟು ಬಿಟ್ಟು, ಕೆಳಗಿನ ಅಕ್ಷರಕ್ಕೆ ನೇರವಾಗಿ ಕೂರಿಸುತ್ತಿದ್ದೆ.

ಹೊರಗೆ ಮಗ್ಗಗಳ ಸದ್ದು, ಒಳಗೆ ಮೇಷ್ಟ್ರ ಗಾನ. ಹಾಡುವಾಗ ಅವರ ಬಲಗೈ ಹೆಬ್ಬೆರಳು ಉಳಿದ ಬೆರಳುಗಳ ಗಿಣ್ಣುಗಳನ್ನು ಮುಟ್ಟುತ್ತಾ ಹೋಗುತ್ತಿತ್ತು. ಒಂದೊಂದು ಜಾಗಕ್ಕೆ ಒಂದೊಂದು ಸ್ವರ.

"ಬಾಯಿ ತಪ್ಪಿದ್ರೂ ಕೈ ತಪ್ಪಲ್ಲ ಕಣಮ್ಮಾ. ಕೈ ನೋಡ್ಕೊಂಡು ಒತ್ತು," ಎನ್ನುತ್ತಿದ್ದರು. ಜಾರಿದರೆ ಬೈಗುಳ: "ಅಂಕಿ ಏನು ಮಲ್ಲಿಗೆ ಹೂವಾ, ಎಲ್ಲಿ ಬೇಕಾದ್ರೂ ಮುಡಿಸೋಕೆ?"

ಕೆಲಸ ಮುಗಿಸಿ ಫ್ಲಾಪಿಗೆ ಹಾಕಿ ನಗರದ ಪ್ರೆಸ್ಸಿಗೆ ಕೊಟ್ಟೆವು. ಅಲ್ಲಿನ ಕಂಪ್ಯೂಟರಿನಲ್ಲಿ ನನ್ನ ಫಾಂಟ್ ಇರಲಿಲ್ಲ. ಅಕ್ಷರಗಳು ಅಗಲವಾದವು, ಅಂಕಿಗಳೆಲ್ಲ ಪಕ್ಕದ ಅಕ್ಷರದ ಮೇಲೆ ಹೋಗಿ ಕೂತವು. ಪ್ರೂಫ್ ಹಿಡಿದು ಇಬ್ಬರೂ ಸಮಿತಿಯ ಕಾರ್ಯದರ್ಶಿಯ ಬಳಿ ಓಡಿದೆವು.

"ಬಿಡುಗಡೆಗೆ ಮಂತ್ರಿಗಳು ಡೇಟ್ ಕೊಟ್ಟಾಗಿದೆ ಮೇಷ್ಟ್ರೇ. ಆ ಸಣ್ಣ ಅಂಕಿ ಯಾರು ನೋಡ್ತಾರೆ ಬಿಡಿ," ಎಂದ ಆ ಮಹಾನುಭಾವ, ಚಹಾ ಕುಡಿಯುತ್ತಾ.

ಮೇಷ್ಟ್ರ ಮುಖ ಕೆಂಪಾಯಿತು. "ಆಗ್ಲಿ. ನೀವು ಅಚ್ಚು ಹಾಕ್ಸಿದ್ದನ್ನೇ ಹಾಡ್ತೀನಿ."

ಹಾಡಿಯೇಬಿಟ್ಟರು. ಬಿಡುಗಡೆಯ ದಿನ ಹೊದಿಸಿದ ಶಾಲಿನೊಳಗೆ ಬಲಗೈ ಅಡಗಿಸಿಟ್ಟು, ಪುಸ್ತಕ ನೋಡಿಕೊಂಡು, ಪ್ರತಿ ತಪ್ಪನ್ನೂ ಸ್ಪಷ್ಟವಾಗಿ ಹಾಡಿದರು. ಒಂದು ಸ್ವರ ತಪ್ಪಿದರೆ ಪಾಪ ಎಂದು ನಂಬಿದ್ದ ಮನುಷ್ಯ... ಮುಂದಿನ ಸಾಲಿನಲ್ಲಿ ಪಂಡಿತರೆನಿಸಿಕೊಂಡವರು ಕಣ್ಣುಮುಚ್ಚಿ ತಲೆದೂಗಿದರು. ಚಪ್ಪಾಳೆಯೋ ಚಪ್ಪಾಳೆ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಶಾಲನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಅಂದರು, "ಒಬ್ರಾದ್ರೂ ಎದ್ದು, ‘ನಿಲ್ಲಿಸ್ರೀ’ ಅಂತಾರೆ ಅಂದ್ಕೊಂಡಿದ್ದೆ ಕಣಮ್ಮಾ."

ಅಲ್ಲಿಂದ ಮುಂದೆ ಅವರು ಹಾಡಿದ್ದನ್ನು ನಾನು ಕೇಳಲಿಲ್ಲ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ತೀರಿಕೊಂಡರು. ಅಂಕಿ ಸರಿಯಾಗಿ ಕೂತಿದ್ದ ನನ್ನ ಫ್ಲಾಪಿಗಳೂ ಬೂಷ್ಟು ಹಿಡಿದು ಹಾಳಾದವು.

ಹೊಸ ಮುದ್ರಣದ ಹಿಂಬದಿಯಲ್ಲಿ ಅಂದಿನ ಫೋಟೋ ಹಾಕಿದ್ದಾರೆ, ನಾಚಿಕೆಯಿಲ್ಲದವರು. ಮೇಷ್ಟ್ರು ಹಾಡುತ್ತಿದ್ದಾರೆ, ಬಲಗೈ ಕಾಣುವುದಿಲ್ಲ. ಇವತ್ತು ನನ್ನ ಮೊಬೈಲಿನಲ್ಲೇ ಯಾವ ಅಕ್ಷರದ ಮೇಲೆ ಬೇಕಾದರೂ ಅಂಕಿ ಕೂರಿಸಬಹುದು. ಯಾವುದರ ಮೇಲೆ ಯಾವುದು ಎಂದು ಹೇಳಲು ಆ ಕೈ ಇಲ್ಲ.