ಏತ ಎತ್ತಿದ ಮತ್ತಿಮರ

ಎರಡನೇ ಮಹಾಯುದ್ಧದ ಕಾಲದ ಒಂದು ಮಳೆಗಾಲದಲ್ಲಿ ನಮ್ಮೂರಿನ ಸಂಕ ಕೊಚ್ಚಿಹೋಯಿತು. ಕುಮಟೆಯ ಪೇಟೆಗೂ ನಮ್ಮ ಕೇರಿಗೂ ನಡುವೆ ಒಂದು ಉಪ್ಪುನೀರಿನ ಹಳ್ಳ. ಅದರ ಮೇಲೆ ಹಾಸಿದ್ದ ಅಡಿಕೆಮರದ ಕಾಲುಸೇತುವೆಯೇ ನಮ್ಮ ಸಂಕ. ಅದು ಹೋದ ಮೇಲೆ ಬದನೆ, ಹರಿವೆ, ಬಸಳೆಯ ಬುಟ್ಟಿ ಹೊತ್ತು ಎದೆಮಟ್ಟದ ನೀರಿನಲ್ಲಿ ದಾಟುವುದು ಹೆಂಗಸರ ಪಾಲಿಗೆ ಬಂತು. ಒಂದು ದಿನ ಕೆಸರಿನಲ್ಲಿ ಕಾಲು ಜಾರಿ ನಾನು ಮುಳುಗಿದೆ. ದಡದ ಉಪ್ಪುಕೆಸರಿನಲ್ಲಿ ಬೆಳೆಯುವ ಕಾಂಡ್ಲ ಗಿಡದ ಬೇರು ಕೈಗೆ ಸಿಕ್ಕಿದ್ದರಿಂದ ಬದುಕಿದೆ. ದಡದಲ್ಲಿ ಕೂತು ಉಪ್ಪುನೀರು ಕಾರುತ್ತ, ಬರುವ ಮಳೆಗಾಲಕ್ಕೆ ಈ ಹಳ್ಳದಲ್ಲಿ ಇಳಿಯುವುದಿಲ್ಲ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ. ಆಗ ನನಗೆ ಇಪ್ಪತ್ತೆರಡು. ಗಂಡ ಮುಂಬಯಿಯಲ್ಲಿ ದುಡಿಯುತ್ತಿದ್ದರು. ಮನೆಯಲ್ಲಿ ಮಾವ, ಅತ್ತೆ, ನಾನು.

ಬೇಸಿಗೆಯಲ್ಲಿ, ಗುಡ್ಡದ ಬುಡದಲ್ಲಿ ಗಾಳಿಗೆ ಬಿದ್ದಿದ್ದ ಮತ್ತಿಮರವೊಂದನ್ನು ಸಂಕಕ್ಕೆ ಬಳಸಲು ಅರಣ್ಯ ಖಾತೆಯ ಅಪ್ಪಣೆ ಸಿಕ್ಕಿತು. ಕೊಂಬೆ ಸವರಿ ದಿಮ್ಮಿ ಮಾಡಿದರು. ಹದಿನೆಂಟು ಮೊಳ ಉದ್ದ. ತಬ್ಬಿದರೆ ನನ್ನ ಎರಡು ಕೈ ಕೂಡುತ್ತಿರಲಿಲ್ಲ. ಊರಲ್ಲಿ ಉಳಿದಿದ್ದ ಎಂಟು ಗಂಡಸರು ಹಾರೆ ಹಾಕಿ ಮೀಟಿದರು. ಮರ ಅಲುಗಲಿಲ್ಲ, ಒಬ್ಬನ ಪಾದ ಜಜ್ಜಿತು. ಲಾರಿಗೆ ಪೆಟ್ರೋಲು ಇಲ್ಲದ ಕಾಲ. ಇದ್ದ ಆನೆಗಳೆಲ್ಲ ಸರಕಾರಕ್ಕೆ ಮರ ಎಳೆಯಲು ಘಟ್ಟ ಹತ್ತಿದ್ದವು.

"ಆನೆ ಬಂದ್ರೆ ಆತು, ಇಲ್ಲದಿದ್ರೆ ಇಲ್ಲ," ಎಂದರು ಮಾವ. ಊರಿನ ಕೆಲಸಕ್ಕೆ ಅವರೇ ಹಿರಿಯರು.

ನಮ್ಮ ತರಕಾರಿ ಗದ್ದೆಯ ಬಾವಿಗೆ ಏತವಿತ್ತು. ಕವಲುಗಂಬದ ಮೇಲೆ ಒಂದು ಅಡ್ಡಮರ. ಅದರ ಉದ್ದನೆಯ ತುದಿಗೆ ಕೊಡ, ಗಿಡ್ಡ ತುದಿಗೆ ಕಲ್ಲು. ಹಗ್ಗ ಜಗ್ಗಿ ಕೊಡ ಇಳಿಸಿದರೆ ಕಲ್ಲು ಏಳುತ್ತದೆ, ಬಿಟ್ಟರೆ ಕಲ್ಲು ಇಳಿದು ನೀರು ಮೇಲೆ ಬರುತ್ತದೆ. ದಿನಾ ಬೆಳಿಗ್ಗೆ ಅದನ್ನು ಜಗ್ಗುವವಳು ನಾನು.

"ಮಾವ, ಏತದ ಕಲ್ಲು ನನಗಿಂತ ಭಾರ. ಅದನ್ನ ದಿನಾ ನಾನೊಬ್ಳೇ ಎತ್ತೂದಿಲ್ವಾ?" ಎಂದೆ.

"ಏತ ನೀರೆತ್ತೂಕೆ ಮಗಾ, ಮರ ಎತ್ತೂಕಲ್ಲ."

"ತುದೀಲಿ ಕಲ್ಲದೆಯೋ ಮರ ಅದೆಯೋ, ಹಗ್ಗಕ್ಕೆ ಎಂತ ಗೊತ್ತು?"

ಮಾವ ಎದ್ದು ಬಾವಿಯ ಕಡೆ ನಡೆದರು. ಮರುದಿನ ಬೆಳಿಗ್ಗೆ ನೋಡಿದರೆ ಬಡಗಿಯನ್ನು ಕರೆತಂದು ಏತದ ಅಡ್ಡಮರವನ್ನು ಅಳೆಯುತ್ತಿದ್ದರು. ಅದು ಸಾಲದೆಂದು ಬಡಗಿ ಇನ್ನೂ ದಪ್ಪನೆಯ ಮರ ಹುಡುಕಿ, ಗುಡ್ಡದ ಬುಡದಲ್ಲಿ ದಿಮ್ಮಿಯ ಪಕ್ಕಕ್ಕೇ ಹಲಸಿನ ಕವಲನ್ನು ಕಂಬವಾಗಿ ನಿಲ್ಲಿಸಿಕೊಟ್ಟ. ಗಿಡ್ಡ ತುದಿಯನ್ನು ದಿಮ್ಮಿಗೆ ಕತ್ತದ ಹಗ್ಗದಿಂದ ಬಿಗಿದೆವು. ಉದ್ದನೆಯ ತುದಿಯಿಂದ ಇಳಿಬಿಟ್ಟ ಹಗ್ಗಗಳನ್ನು ಹತ್ತು ಹೆಂಗಸರು ಹಿಡಿದೆವು.

ಒಬ್ಬೊಬ್ಬರು ಒಂದೊಂದು ಸಲ ಜಗ್ಗಿದರೆ ಏನೂ ಆಗುವುದಿಲ್ಲ ಎಂಬುದು ಮೊದಲ ಗಳಿಗೆಯಲ್ಲೇ ತಿಳಿಯಿತು. ಆಗ, ನನ್ನೊಡನೆ ಎರಡು ಮಾತಿಗಿಂತ ಹೆಚ್ಚು ಆಡದ ನನ್ನ ಅತ್ತೆ ಸೆರಗು ಸಿಕ್ಕಿಸಿ ಮುಂದೆ ಬಂದರು. ಭತ್ತದ ನಟ್ಟಿಯ ಹಾಡೊಂದನ್ನು ಎತ್ತಿಕೊಂಡು, "ಸೊಲ್ಲು ಮುಗಿಯೂ ಹೊತ್ತಿಗೆ ಜಗ್ಗಿ, ಮೊದಲಲ್ಲ," ಎಂದರು. ಮೂರನೆಯ ಸೊಲ್ಲಿಗೆ ಮರದ ಬುಡ ಒಂದು ಗೇಣು ಎದ್ದಿತು. ಗಂಡಸರು ಕೂಗಿಕೊಂಡು ತೆಂಗಿನ ಕಾಂಡದ ಉರುಳೆಗಳನ್ನು ಅಡಿಗೆ ತಳ್ಳಿದರು.

ಹಳ್ಳದ ದಡಕ್ಕೆ ತರಲು ನಾಲ್ಕು ದಿನ ಹಿಡಿಯಿತು. ಇಳಿಜಾರಿನಲ್ಲಿ ಮರ ಓಡದಂತೆ ಹಿಂದಿನ ಹಗ್ಗವನ್ನು ಗೇರುಮರಕ್ಕೆ ಸುತ್ತಿ ಸಡಿಲಿಸುತ್ತ ಬಂದೆವು. ಮತ್ತಿ ನೀರಲ್ಲಿ ತೇಲುವ ಮರವಲ್ಲ. ಇಳಿತದ ಹೊತ್ತಿಗೆ ಎರಡು ಮರಳುದೋಣಿಗಳ ನಡುವೆ ಅದನ್ನು ಕಟ್ಟಿದೆವು. ಉಬ್ಬರ ಬಂದಾಗ ದೋಣಿಗಳ ಜೊತೆ ಮರವೂ ಎದ್ದಿತು; ಹಳ್ಳಕ್ಕೆ ಅಡ್ಡ ತಿರುಗಿಸಿ ನಿಲ್ಲಿಸಿದ ಮೇಲೆ, ನೀರು ಇಳಿದಂತೆ ಅದು ಹಳೆಯ ಸಂಕ ಹಾಸಿದ್ದ ಎರಡೂ ದಡದ ಕಲ್ಲುಕಟ್ಟೆಯ ಕೆಳಮೆಟ್ಟಿಲಿಗೆ ಹೋಗಿ ಕೂತಿತು. ಇನ್ನು ಉಳಿದದ್ದು ಅಲ್ಲಿಂದ ಮೂರು ಮೊಳ ಮೇಲೆತ್ತುವುದು. ಏತವನ್ನು ಒಮ್ಮೆ ಈ ದಡದಲ್ಲಿ, ಒಮ್ಮೆ ಆ ದಡದಲ್ಲಿ ನೆಟ್ಟು, ಗೇಣು ಗೇಣು ಎತ್ತಿ ಅಡಿಗೆ ಚಿರೆಕಲ್ಲು ಸೇರಿಸುತ್ತ ಹೋದೆವು.

ಆಚೆ ದಡದಲ್ಲಿ ಎರಡು ಮೊಳ ಏರಿದ್ದಾಗ, ಅಡಿಯಲ್ಲಿದ್ದ ಒಂದು ಚಿರೆಕಲ್ಲು ಪುಡಿಯಾಯಿತು. ಮರ ಧಡ್ಡೆಂದು ಕುಸಿಯಿತು. ಅಡಿಗೆ ಕಲ್ಲು ತಳ್ಳಿದ ಮಾವ ಕೈ ಹಿಂದಕ್ಕೆ ಎಳೆದುಕೊಂಡು ಅರೆಗಳಿಗೆಯೂ ಆಗಿರಲಿಲ್ಲ. ಎಲ್ಲರೂ ಹಗ್ಗ ಬಿಟ್ಟು ದೂರ ಸರಿದರು. ಮಾವ ನನ್ನ ಕಡೆ ತಿರುಗಿದರು.

"ಸಾಕು ಮಗಾ. ಯಾರದಾದ್ರೂ ಜೀವ ಹೋಗ್ತದೆ."

ನನಗೂ ಹೆದರಿಕೆಯಾಗಿತ್ತು. ಆದರೆ ತಪ್ಪಿದ್ದು ಕಲ್ಲು, ಏತವಲ್ಲ; ಅದು ನನ್ನ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತಿತ್ತು.

"ಕಲ್ಲು ಬೇಡ ಮಾವ. ಉರುಳೆ ಕಡಿದು ತುಂಡು ಮಾಡಿ, ಅಡ್ಡಡ್ಡ ಇಡುವ. ಮರದ ಭಾರ ಮರವೇ ಹೊರಲಿ. ಇನ್ನು ಮುಂದೆ ಕೈಯಿಂದ ತಳ್ಳೂದು ಬೇಡ, ಕೋಲಲ್ಲಿ ತಳ್ಳಿ."

ಅತ್ತೆ ಯಾರ ಮುಖವನ್ನೂ ನೋಡದೆ ಹೋಗಿ ಹಗ್ಗ ಹಿಡಿದರು. ಉಳಿದವರೂ ಒಬ್ಬೊಬ್ಬರಾಗಿ ಬಂದರು. ಸಂಜೆಯ ಹೊತ್ತಿಗೆ ಮರ ಕಟ್ಟೆಯ ನೆತ್ತಿಯ ಮೇಲಿತ್ತು. ಬಡಗಿ ಎರಡು ದಿನ ಕೂತು ಮೇಲ್ಮೈಯನ್ನು ಬಾಚಿಯಿಂದ ಚಪ್ಪಟೆ ಮಾಡಿದ, ಹಿಡಿಕೆಗೆ ಬಿದಿರು ಕಟ್ಟಿದ. ಮಳೆ ಹಿಡಿಯುವ ಮೊದಲೇ ಇಡೀ ಕೇರಿ ಅದರ ಮೇಲೆ ಓಡಾಡತೊಡಗಿತು. ಆ ಮಳೆಗಾಲದ ದೊಡ್ಡ ನೆರೆ ಮರದ ಹೊಟ್ಟೆ ಸವರಿಕೊಂಡು ಹೋಯಿತು, ಮರ ಜಗ್ಗಲಿಲ್ಲ.

ಮರುವರ್ಷ ಹೊನ್ನಾವರದ ಕಡೆಯಿಂದ ದೋಣಿ ಕಟ್ಟುವವರು ಬಂದು ದಿಮ್ಮಿ ಎತ್ತಲು ಏತ ಕೇಳಿದರು. "ಏತ ಒಯ್ದರೆ ಆಗೂದಿಲ್ಲ, ಸೊಸೆ ಬರ್ಬೇಕು," ಎಂದರು ಮಾವ. ಅತ್ತೆಯೂ ನಾನೂ ಹೋದೆವು. ಅಲ್ಲಿ ಶರಾವತಿಯ ದಡದಲ್ಲಿ ಬಿದ್ದಿದ್ದ ದಿಮ್ಮಿಯನ್ನು ನಾನು ಗೇಣಿನಿಂದ ಅಳೆದು ನೋಡಿ, ಅವರು ನೆಟ್ಟಿದ್ದ ಕಂಬ ಗಿಡ್ಡವಾಯಿತು, ಇನ್ನೊಂದು ತನ್ನಿ ಎಂದೆ. ಅವರು ತಂದರು.