ಮೊಟ್ಟೆಯೂ ಬಾರದ ಮನೆಗೆ ಮೀಸೆಮೀನು

ನಮ್ಮ ಮನೆಯಲ್ಲಿ ಕೊಲೆಗಳಾಗಿವೆ. ಅದೂ ಮೊಟ್ಟೆ ಕೂಡ ಹೊಸ್ತಿಲು ದಾಟದ ಮನೆಯಲ್ಲಿ!

ಶುರುವಾದದ್ದು ಹೀಗೆ. ನಮ್ಮ ಮನೆಯವರು ಮೈಸೂರಿನಿಂದ ಅಕ್ವೇರಿಯಂ ತಂದರು. (ವಾಸ್ತುವಿಗೆ ಒಳ್ಳೆಯದಂತೆ. ಮೀನಿನ ವಾಸ್ತು ಕೇಳಿದವರಾರು?) ಉಗುರುದ್ದದ ಕಿತ್ತಳೆ ಬಣ್ಣದ ಮೀನುಗಳು, ಜೊತೆಗೆ ಮಗಳು ಅಚ್ಚು ಹಟ ಹಿಡಿದು ಆರಿಸಿದ ಒಂದು ಕ್ಯಾಟ್‌ಫಿಶ್ ಮರಿ. ಅಂಗೈಯುದ್ದ ಮೈ, ಭಾರೀ ಮೀಸೆ. "ಏನ್ ಹಾಕುದ್ರೂ ತಿಂತದೆ ಸಾ, ತೊಂದ್ರೆನೇ ಇಲ್ಲ" ಎಂದಿದ್ದನಂತೆ ಅಂಗಡಿಯವನು.

ಅದಕ್ಕೆ ನಿಜಕ್ಕೂ ಯಾವ ತೊಂದರೆಯೂ ಆಗಲಿಲ್ಲ. ಕಿತ್ತಳೆ ಮೀನುಗಳು ಒಂದೊಂದಾಗಿ ಮಾಯವಾದವು. ಬೆಕ್ಕನ್ನು ಬೈದೆವು, ಸೋಫಾ ಸರಿಸಿ ಹುಡುಕಿದೆವು. ಕೊನೆಗೆ ಕ್ಯಾಟ್‌ಫಿಶ್ ಮರಿಯ ಉಬ್ಬಿದ ಹೊಟ್ಟೆ ನೋಡಿದ ನಮ್ಮತ್ತೆ, "ರಾಕ್ಷಸನ್ನ ತಂದು ಸಾಕ್ತಾ ಇದ್ದೀರಲ್ರೋ!" ಎಂದರು.

ಉಳಿದ ಮೀನುಗಳನ್ನು ಬಕೆಟ್ಟಿಗೆ ಸಾಗಿಸಿದೆ. ಸರಿ, ಇನ್ನು ಇದಕ್ಕೇನು ಹಾಕುವುದು? ಅನ್ನ ಹಾಕಿದರೆ ಮೂಸಲಿಲ್ಲ. ಚಪಾತಿ ಚೂರು? ಉಹೂಂ. "ಹೊಟ್ಟೆ ತಂಪಾಗ್ಲಿ" ಎಂದು ಅತ್ತೆ ಮೊಸರನ್ನ ಹಾಕಿಬಿಟ್ಟರು. ನೀರೆಲ್ಲ ಮಜ್ಜಿಗೆ! ನೀರು ಬದಲಿಸಿದ ಮೇಲೂ ಮರಿ ಮೂಲೆ ಬಿಟ್ಟು ಕದಲಲಿಲ್ಲ. ಅದು ತಿನ್ನುವವರೆಗೆ ತಾನೂ ತಿನ್ನಲ್ಲ ಎಂದು ಅಚ್ಚು ತಟ್ಟೆ ತಳ್ಳಿದಳು.

ಟಿ. ನರಸೀಪುರದಲ್ಲಿ ಮೀನು ಸಾಕುವ ನನ್ನ ಕ್ಲಾಸ್‌ಮೇಟ್ ರುದ್ರೇಶನಿಗೆ ಫೋನ್ ಮಾಡಿದೆ. ಮೊದಲು ಚೆನ್ನಾಗಿ ನಕ್ಕ.

"ಅದು ಬೇಟೆ ಮೀನು ಕಣಮ್ಮ, ಅನ್ನ ತಿಂದದಾ? ಸಿಗಡಿ ಸಿಪ್ಪೆ ಸುಲ್ದು ಚೂರು ಮಾಡಿ ಆಕು. ಎರೆಹುಳ ಆಕು, ಔಷಧಿ ಬೀಳದಿರೋ ಮಣ್ಣಿಂದು. ಅಂಗಡೀಲಿ ಸಿಗೋ, ನೀರಲ್ಲಿ ಮುಳುಗೋ ಪೆಲೆಟ್ ಕಾಳೂ ಅಭ್ಯಾಸ ಮಾಡ್ಸು. ಒಂದನ್ನೇ ನೆಚ್ಕೊಬ್ಯಾಡ. ಕೋಳಿ, ಕುರಿ ಬ್ಯಾಡ, ಆ ಕೊಬ್ಬು ಅದ್ಕೆ ಆಗಕಿಲ್ಲ. ಜೀವಂತ ಮೀನೂ ಬ್ಯಾಡ, ಕಾಯಿಲೆ ತರ್ತವೆ. ಹೊಟ್ಟೆ ಒಂಚೂರು ದುಂಡಗಾದ್ರೆ ಸಾಕು, ನಿಲ್ಸು."

ಸಿಗಡಿ! ನಮ್ಮ ಮನೆಗೆ! ಪಕ್ಕದ ಮನೆ ಸಿದ್ದಮ್ಮನ ಬಳಿ ಓಡಿದೆ. ಅವರ ಮೀನು ಸಾರು ಬೀದಿಗೇ ಪ್ರಸಿದ್ಧ. (ನಾನು ವಾಸನೆಯಿಂದ ಬಲ್ಲೆ.)

"ಸೋಮ್ವಾರ ಕಣಕ್ಕ ಇವತ್ತು. ನಂಜುಂಡೇಸ್ವರನ ವಾರ, ನಾವೂ ಮುಟ್ಟಕಿಲ್ಲ. ನಾಳೀಕೆ ತಂದ್ಕೊಡ್ತೀನಿ" ಎಂದರು ಸಿದ್ದಮ್ಮ.

ತಿನ್ನುವವರೇ ಬಿಟ್ಟ ದಿನ, ತಿನ್ನದ ನಾನು ಸಿಗಡಿ ಕೇಳಿಕೊಂಡು ಹೋಗಿದ್ದೆ. ನಂಜನಗೂಡಿನಲ್ಲಿ ಹುಟ್ಟಿ ಬೆಳೆದವಳಿಗೆ ವಾರವೂ ನೆನಪಿರಬಾರದೇ?

ತಲೆ ತಗ್ಗಿಸಿ ಹಿಂದಿರುಗಿದರೆ, ಹಿತ್ತಲಲ್ಲಿ ಅತ್ತೆ ಬಾಳೆಬುಡ ಕೆದಕುತ್ತಿದ್ದಾರೆ. ಹಣೆ ತುಂಬ ವಿಭೂತಿ, ತೆಂಗಿನ ಕರಟದ ತುಂಬ ಎರೆಹುಳ! ಸ್ಪೀಕರಿಗೆ ಹಾಕಿದ್ದ ಫೋನಿನ ಮಾತೆಲ್ಲ ಕೇಳಿಸಿಕೊಂಡಿದ್ದರು.

"ಅತ್ತೆ, ನೀವಾ?"

"ಇನ್ನೇನ್ ಮಾಡ್ಲವ್ವಾ? ಮಗು ಅಲ್ಲಿ ಉಪಾಸ ಕೂತದೆ. ಇದೇನು ಅಡುಗೆಮನೆಗೆ ಬತ್ತದಾ?"

ತಾವೇ ತೊಳೆದು, ತುಂಡು ಮಾಡಿ ಹಾಕಿದರು. ಮರಿ ಮೂಲೆ ಬಿಟ್ಟು ಬಂತು, ಗಬಕ್ಕನೆ ನುಂಗಿತು. ಅಚ್ಚು ಕುಣಿದಾಡಿ ತಟ್ಟೆ ಎಳೆದುಕೊಂಡಳು. ನನಗೆ ಸಂತೋಷವೂ ಆಯಿತು, ತಲೆಯೂ ಕೆಟ್ಟಿತು. ಹಾಗಾದರೆ ಇಷ್ಟು ವರ್ಷ ನಾನು ಹೆದರಿಕೊಂಡು ಪಾಲಿಸಿದ್ದು ಯಾವ ನಿಯಮ? ಅದು ಇರುವುದು ಎಲ್ಲಿ? ಹೊಸ್ತಿಲಲ್ಲೋ, ಅಡುಗೆಮನೆಯಲ್ಲೋ?

ಅತ್ತೆ ಮತ್ತೊಮ್ಮೆ ಸ್ನಾನ ಮಾಡಿ ಊಟಕ್ಕೆ ಕೂತರು. ಸಾರು ಬಾಯಿಗಿಟ್ಟವರೇ ಹುಬ್ಬು ಗಂಟಿಕ್ಕಿದರು.

"ಏನವ್ವಾ, ಸೋಮ್ವಾರದ ದಿನ ಈರುಳ್ಳಿ ಹಾಕಿದ್ದೀಯಲ್ಲ!"